ನೀಲಿಯ ಬೆಳೆ ಮತ್ತು ರೈತನ ಹೊಲ

ಸಸ್ಯಜನ್ಯ ಬಣ್ಣಗಳು ನೆಲಜಲಗಳಿಗೆ ಹಿತಕರವಾದುವು, ಆದುದರಿಂದ ಜವಳಿ ಉದ್ಯಮವು ಅವುಗಳಿಗೆ ಮರಳುವುದು ಯುಕ್ತವೆಂಬ ಅಭಿಪ್ರಾಯ ಈಗ ಬಲಗೊಳ್ಳುತ್ತಿದೆ. ಈ ಅಭಿಪ್ರಾಯವನ್ನು ಬಂಗಾಳ ಮತ್ತು ಬಿಹಾರಗಳ ನೀಲಿ ಕೃಷಿಯ ಇತಿಹಾಸವೆಂಬ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಉದ್ದೇಶ.

ಮೊದಲು ಸಸ್ಯದ ಗುಣವನ್ನು ಹೇಳಬೇಕು. ನೀಲಿಯು ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ ಗಿಡ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತವೆ. ಕೊಯ್ದ ಗಿಡವನ್ನು ತೊಟ್ಟಿಯಲ್ಲಿ ನೆನೆಯಿಟ್ಟು ಹುಳಿಬರಿಸಿ, ಆ ನೀರನ್ನು ಬೇರೊಂದು ತೊಟ್ಟಿಗೆ ಹರಿಯಿಸಿ ಬಡಿದರೆ, ಗಾಳಿಯ ಆಮ್ಲಜನಕದ ಸಂಪರ್ಕದಿಂದ ಬಣ್ಣವು ತಳದಲ್ಲಿ ನಿಲ್ಲುತ್ತದೆ. ಉಳಿದ ಸೊಪ್ಪು ಒಳ್ಳೆಯ ಗೊಬ್ಬರ. ಇಷ್ಟನ್ನೇ ನೋಡಿದರೆ ಈ ಬಣ್ಣದಲ್ಲಿ ದೋಷವೇ ಕಾಣದು.

ದೋಷವಿದ್ದುದು ಬೆಳೆಯಿಸುವ ಏರ್ಪಾಟಿನಲ್ಲಿ. ಬಂಗಾಳದಲ್ಲಿ ಐರೋಪ್ಯ ತೋಟಗಾರರು ರೈತನಿಗೆ ಮುಂಗಡ ಹಣ ಕೊಟ್ಟು, ಬತ್ತಕ್ಕೆ ಒದಗುತ್ತಿದ್ದ ಉತ್ತಮ ಭೂಮಿಯಲ್ಲಿಯೇ ನೀಲಿಯನ್ನು ಬಿತ್ತಿಸುತ್ತಿದ್ದರು. ಕೊಡುತ್ತಿದ್ದ ಬೆಲೆ ಅಲ್ಪ, ಸಾಲ ತೀರುತ್ತಿರಲಿಲ್ಲ. 1859ರಲ್ಲಿ ನದಿಯಾ ಮೊದಲಾದ ಜಿಲ್ಲೆಗಳ ರೈತರು ಇನ್ನು ಬಿತ್ತುವುದಿಲ್ಲವೆಂದು ನಿಂತರು. 1860ರಲ್ಲಿ ಸರ್ಕಾರವು ನೀಲಿ ಆಯೋಗವನ್ನು ನೇಮಿಸಿತು; ತೋಟಗಾರರ ಬಲಾತ್ಕಾರವು ಅದರ ವಿಚಾರಣೆಯಲ್ಲಿ ಬಯಲಾಯಿತು. ದೀನಬಂಧು ಮಿತ್ರರ 'ನೀಲದರ್ಪಣ' ನಾಟಕವೂ ಆ ವರ್ಷವೇ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳ ಸೆರೆವಾಸವನ್ನೂ ಸಾವಿರ ರೂಪಾಯಿ ದಂಡವನ್ನೂ ಅನುಭವಿಸಬೇಕಾಯಿತು.

ಬಿಹಾರದ ಚಂಪಾರಣ್ ಜಿಲ್ಲೆಯಲ್ಲಿ ಪ್ರತಿ 20 ಕಠಾ ಭೂಮಿಯಲ್ಲಿ 3 ಕಠಾ ನೀಲಿಗೆ ಮೀಸಲಿಡಬೇಕೆಂಬ 'ತಿನ್‌ಕಠಿಯಾ' ಪದ್ಧತಿ ನಡೆದುಬಂದಿತ್ತು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆ ಕೃತಕ ನೀಲಿಯನ್ನು ಪೇಟೆಗೆ ತಂದಿತು. ಕ್ರಮೇಣ ಗಿಡದ ನೀಲಿಯ ಬೆಲೆ ಕುಸಿಯಿತು. ಇದರಿಂದ ರೈತನಿಗೆ ಬಿಡುಗಡೆ ದೊರೆಯಿತೇ? ಇಲ್ಲ. ನೀಲಿಯ ಕರಾರಿನಿಂದ ಬಿಡಿಸುವುದಕ್ಕಾಗಿ ತೋಟಗಾರರು ಕೆಲವೆಡೆ ಗೇಣಿಯನ್ನು ಏರಿಸಿದರು, ಕೆಲವೆಡೆ ಇಡಿಗಂಟಾಗಿ ಹಣ ವಸೂಲು ಮಾಡಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋಗಿ ವಿಚಾರಣೆ ಕೈಕೊಂಡ ಬಳಿಕ, 1918ರ ಕಾನೂನಿನಿಂದ ತಿನ್‌ಕಠಿಯಾ ಕೊನೆಗೊಂಡಿತು.

ಇದರಿಂದ ವಿದಿತವಾಗುವುದೇನು? ಗಿಡದ ಬಣ್ಣ ರೈತನನ್ನು ಸಾಲದಲ್ಲಿ ಕೆಡವಿತು. ಕೃತಕ ಬಣ್ಣ ಬಂದಾಗ ನಷ್ಟದ ಹೊರೆಯೂ ಅವನ ತಲೆಗೇ ಬಂದಿತು. ಸಸ್ಯಜನ್ಯ ಬಣ್ಣಗಳನ್ನು ನಾವು ಅಲ್ಲಗಳೆಯುತ್ತಿಲ್ಲ; ನೆಲಕ್ಕೆ ಅವುಗಳಿಂದಾಗುವ ಉಪಕಾರ ದಿಟ. ಆದರೆ ಅವು ಬಾಳಬೇಕಾದರೆ ಗಿಡದ ಗುಣವೊಂದೇ ಸಾಲದು. ಯಾರ ಹೊಲದಲ್ಲಿ, ಯಾವ ಅನ್ನದ ಬೆಳೆಯನ್ನು ತಳ್ಳಿ, ಎಷ್ಟು ಬೆಲೆಗೆ ಬೆಳೆಯಿತೆಂಬುದನ್ನೂ ಕೇಳಬೇಕು. ಬಟ್ಟೆಯ ಮೇಲಿನ ಬಣ್ಣವನ್ನು ಪರೀಕ್ಷಿಸುವ ವಿದ್ಯಾರ್ಥಿಯು ರೈತನ ಲೆಕ್ಕದ ಪುಸ್ತಕವನ್ನೂ ತೆರೆದು ನೋಡುವುದು ಅವಶ್ಯ.