ತಪ್ಪು ಅಮ್ಮನದ್ದೇ ಅಂದ ವಿಜ್ಞಾನ

ಇವತ್ತು ಒಂದು ಪದದ ಕಥೆ.

1950ರ ದಶಕದ ಅಮೆರಿಕವನ್ನ ಊಹಿಸಿಕೊಳ್ಳಿ. ಇಪ್ಪತ್ತರ ಹುಡುಗ. ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೆ ದನಿಗಳು ಕೇಳ್ತಿವೆ, ಯಾರೋ ಹಿಂಬಾಲಿಸ್ತಿದ್ದಾರೆ ಅಂತ ಹೆದರ್ತಾನೆ. ಅಮ್ಮ ಅವನನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತಾಳೆ. ಕಾಯಿಲೆ ಸ್ಕಿಜೋಫ್ರೀನಿಯಾ ಅಂತಾರೆ. ಆಮೇಲೆ ಪ್ರಶ್ನೆಗಳು ಅವಳ ಕಡೆ ತಿರುಗುತ್ತವೆ: ಮಗನನ್ನ ಹೇಗೆ ಬೆಳೆಸಿದ್ರಿ? ಪ್ರೀತಿ ಕೊಟ್ಟಿದ್ರಾ?

ಈ ಪ್ರಶ್ನೆಗಳ ಹಿಂದೆ ಒಂದು ಪದ ಇತ್ತು: 'ಸ್ಕಿಜೋಫ್ರೀನೋಜೆನಿಕ್ ಮದರ್'. ಅಂದ್ರೆ, ಸ್ಕಿಜೋಫ್ರೀನಿಯಾ ಹುಟ್ಟಿಸುವ ತಾಯಿ. 1948ರ ಒಂದು ಲೇಖನದಲ್ಲಿ ಇದನ್ನು ಬಳಸಿದವರು ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್.

ಆಕೆ ಕಲ್ಲು ಮನಸ್ಸಿನವರಲ್ಲ. ಜರ್ಮನಿಯ ಯಹೂದಿ. ಹಿಟ್ಲರ್ ಕಾಲದಲ್ಲಿ ದೇಶ ಬಿಟ್ಟು 1935ರಲ್ಲಿ ಅಮೆರಿಕಕ್ಕೆ ಬಂದು, ಮೇರಿಲ್ಯಾಂಡ್‌ನ ಚೆಸ್ಟ್‌ನಟ್ ಲಾಡ್ಜ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಇಂಥ ರೋಗಿಗಳ ಜೊತೆ ಮಾತಾಡಿ ಏನು ಪ್ರಯೋಜನ ಅಂತ ಹೆಚ್ಚಿನವರು ಕೈಬಿಟ್ಟಿದ್ದ ಕಾಲದಲ್ಲಿ, ಗಂಟೆಗಟ್ಟಲೆ ಅವರ ಜೊತೆ ಕೂತು ಮಾತಾಡಿದವರು. ರೋಗಿಯನ್ನ ಮನುಷ್ಯನಾಗಿ ಕಂಡ ಅದೇ ಕಣ್ಣು, ಅವನ ಅಮ್ಮನನ್ನ ಆರೋಪಿಯಾಗಿ ಕಂಡಿತು.

1956ರಲ್ಲಿ ಕ್ಯಾಲಿಫೋರ್ನಿಯಾದ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು 'ಡಬಲ್ ಬೈಂಡ್' ಸಿದ್ಧಾಂತ ತಂದರು. ಅವರು ಕೊಟ್ಟ ಉದಾಹರಣೆ ಹೀಗಿದೆ: ಆಸ್ಪತ್ರೆಯಲ್ಲಿ ಚೇತರಿಸಿಕೊಳ್ತಿದ್ದ ಹುಡುಗ, ನೋಡೋಕೆ ಬಂದ ಅಮ್ಮನ ಹೆಗಲ ಮೇಲೆ ಕೈ ಹಾಕ್ತಾನೆ. ಅವಳ ಮೈ ಸೆಟೆದುಕೊಳ್ಳುತ್ತೆ. ಅವನು ಕೈ ತೆಗೀತಾನೆ. ಆಗ ಅವಳು, ನನ್ನ ಮೇಲೆ ಪ್ರೀತಿ ಇಲ್ವಾ ಅಂತ ಕೇಳ್ತಾಳೆ. ಹತ್ತಿರ ಬಂದ್ರೂ ತಪ್ಪು, ದೂರ ಹೋದ್ರೂ ತಪ್ಪು. ಇಂಥ ಇಕ್ಕಟ್ಟಲ್ಲೇ ಬೆಳೆದ ಮಗುವಿಗೆ ಈ ಕಾಯಿಲೆ ಬರುತ್ತೆ ಅನ್ನೋದು ಅವರ ವಾದ. 1964ರಲ್ಲಿ ಬ್ರಿಟನ್‌ನಲ್ಲಿ ಆರ್. ಡಿ. ಲೇಯಿಂಗ್ ಮತ್ತು ಆರನ್ ಎಸ್ಟರ್‌ಸನ್ 11 ಕುಟುಂಬಗಳ ಕಥೆ ಬರೆದು ಇದೇ ಜಾಡಿನಲ್ಲಿ ನಡೆದರು.

ಕೇಳೋಕೆ ಸರಿ ಅನ್ಸುತ್ತೆ ಅಲ್ವಾ? ಅದೇ ಇದರ ಅಪಾಯ. ಇಂಥ ಇಕ್ಕಟ್ಟಿನ ಮಾತು ಯಾರ ಮನೆಯಲ್ಲಿಲ್ಲ ಹೇಳಿ! ಇವರು ನೋಡಿದ್ದು ಕಾಯಿಲೆ ಬಂದ ಮೇಲಿನ ಮನೆಗಳನ್ನ. ವರ್ಷಗಟ್ಟಲೆ ನಿದ್ದೆ ಇಲ್ಲದೆ, ಮಗನಿಗೆ ಏನಾಗುತ್ತೋ ಅಂತ ಹೆದರಿದ ಅಮ್ಮ ಬಿಗಿಯಾಗಿಯೇ ಇರ್ತಾಳೆ. ಪರಿಣಾಮವನ್ನೇ ಕಾರಣ ಅಂದುಕೊಂಡರು. ಕಾಯಿಲೆ ಇಲ್ಲದ ಮನೆಗಳ ಜೊತೆ ಸರಿಯಾಗಿ ಹೋಲಿಸಿ ನೋಡಲೂ ಇಲ್ಲ.

ಪರೀಕ್ಷೆ ಬಂದಿದ್ದು 1966ರಲ್ಲಿ. ಅಮೆರಿಕದ ಲಿಯೊನಾರ್ಡ್ ಹೆಸ್ಟನ್ ಅನ್ನೋ ಮನೋವೈದ್ಯ, ಸ್ಕಿಜೋಫ್ರೀನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಕೆಲವೇ ದಿನಗಳಲ್ಲಿ ಅವರಿಂದ ಬೇರೆಯಾಗಿ ಬೆಳೆದ 47 ಮಕ್ಕಳನ್ನ ದೊಡ್ಡವರಾದ ಮೇಲೆ ಹುಡುಕಿ ನೋಡಿದರು. 5 ಜನರಿಗೆ ಕಾಯಿಲೆ ಬಂದಿತ್ತು. ಅದೇ ರೀತಿ ತಾಯಿಯಿಂದ ಬೇರೆಯಾಗಿ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಜನರಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಆ 5 ಜನರನ್ನ ಬೆಳೆಸಿದ್ದು ಹೆತ್ತ ತಾಯಿಯೇ ಅಲ್ಲ! ಡೆನ್ಮಾರ್ಕ್‌ನ ದತ್ತು ಮಕ್ಕಳ ಅಧ್ಯಯನಗಳೂ ಬೆರಳು ತೋರಿಸಿದ್ದು ಸಾಕಿದವರ ಕಡೆ ಅಲ್ಲ, ರಕ್ತಸಂಬಂಧದ ಕಡೆ.

ಹಾಗಂತ ಎಲ್ಲಾ ಜೀನ್‌ಗಳೇ ಅಂತಾನೂ ಅಲ್ಲ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತೆ ಅಂತಿಲ್ಲ. ಮನೆಯ ವಾತಾವರಣಕ್ಕೂ ಪಾತ್ರವಿದೆ. ಲಂಡನ್‌ನಲ್ಲಿ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು ಕಂಡಿದ್ದು ಇದು: ಆಸ್ಪತ್ರೆಯಿಂದ ಹೋದ ರೋಗಿಗೆ ಮನೆಯಲ್ಲಿ ಸದಾ ಟೀಕೆ, ಸಿಡುಕು ಸಿಕ್ಕರೆ ಕಾಯಿಲೆ ಮರುಕಳಿಸೋದು ಹೆಚ್ಚು. ಕಾಯಿಲೆ ಹುಟ್ಟಿಸೋದು ಬೇರೆ, ಮರುಕಳಿಸೋಕೆ ಕಾರಣವಾಗೋದು ಬೇರೆ. ಮನೆಯವರಿಗೆ ಕಾಯಿಲೆ ಬಗ್ಗೆ ತಿಳಿಸಿ, ಮಾತಾಡೋ ರೀತಿ ಕಲಿಸಿದರೆ ಮರುಕಳಿಸೋದು ಕಡಿಮೆಯಾಗುತ್ತೆ ಅಂತ ಮುಂದೆ ಗೊತ್ತಾಯಿತು. ಆರೋಪಿಯಾಗಿದ್ದ ಕುಟುಂಬ ಆಸರೆಯಾಯಿತು. 1979ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಇಂಥ ಕುಟುಂಬಗಳೇ ಸೇರಿ 'ನಾಮಿ' ಎಂಬ ಸಂಘಟನೆ ಕಟ್ಟಿದವು.

ನಮ್ಮ ದೇಶದಲ್ಲಿ ಇನ್ನೊಂದು ದಾರಿಯೂ ಇತ್ತು. ಅಲ್ಲಿ ಅಮ್ಮಂದಿರನ್ನ ದೂರ್ತಿದ್ದ 1950ರ ದಶಕದಲ್ಲೇ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ, ಮನೆಯವರನ್ನ ರೋಗಿಯ ಜೊತೆಗೇ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬವನ್ನ ಚಿಕಿತ್ಸೆಯ ಭಾಗ ಮಾಡಿಕೊಳ್ಳೋ ಪದ್ಧತಿ ಬೆಳೆದು ಬಂತು.

ಆದರೆ ಆ ಹಳೆಯ ಪದ ಪೂರ್ತಿ ಸತ್ತಿಲ್ಲ. ಅದು ಈಗ ನಮ್ಮ ಬಾಯಲ್ಲಿದೆ: 'ಅವರಮ್ಮ ಸರಿಯಾಗಿ ಬೆಳೆಸಲಿಲ್ಲ, ಅದಕ್ಕೇ ಹೀಗಾದ.' ಮುಂದಿನ ಸಲ ಈ ಮಾತು ಕಿವಿಗೆ ಬಿದ್ದಾಗ, ಆ 47 ಮಕ್ಕಳನ್ನ ನೆನಪಿಸಿಕೊಳ್ಳಿ. ಆ ಮನೆಯವರಿಗೆ ಬೇಕಿರೋದು ತೀರ್ಪಲ್ಲ, ಜೊತೆ. ನಿಮ್ಮ ಮನೆಯಲ್ಲೇ ಯಾರಿಗಾದರೂ ಇಂಥ ಲಕ್ಷಣ ಕಂಡರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416.

ಮುಂದಿನ ಸಂಚಿಕೆಯಲ್ಲಿ ಸಿಗೋಣ.