ಒಡವೆ ಪೆಟ್ಟಿಗೆಯಲ್ಲಿ ಬಂದ ರಿವಾಲ್ವರ್

2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಫೀಲ್ಡ್ ಗನ್ ಕಾರ್ಖಾನೆ ಹೊಸ ರಿವಾಲ್ವರ್ ಒಂದನ್ನು ಹೊರತಂದಿತು. ಹೆಸರು 'ನಿರ್ಭೀಕ್'. .32 ಬೋರಿನದು, ತೂಕ ಸುಮಾರು ಅರ್ಧ ಕಿಲೋ, ಬೆಲೆ 1 ಲಕ್ಷ 22 ಸಾವಿರ ರೂಪಾಯಿಯ ಮೇಲೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರದ ನಂತರ ಪತ್ರಿಕೆಗಳು ಆ ಹುಡುಗಿಗೆ 'ನಿರ್ಭಯಾ' ಎಂಬ ಹೆಸರಿಟ್ಟಿದ್ದವು. ಅದೇ ಅರ್ಥದ ಹೆಸರನ್ನು ಈ ಆಯುಧಕ್ಕೂ ಇಡಲಾಯಿತು. ಹೆಂಗಸರ ಕೈಚೀಲದಲ್ಲಿ ಸುಲಭವಾಗಿ ಹಿಡಿಸುತ್ತದೆ ಎಂದು ಪ್ರಚಾರ ಮಾಡಲಾಯಿತು. ನನ್ನ ಗಮನ ಸೆಳೆದದ್ದು ಮಾತ್ರ ಇನ್ನೊಂದು ಸಂಗತಿ. ಈ ರಿವಾಲ್ವರನ್ನು ಕಡುಗೆಂಪು ಬಣ್ಣದ ಒಡವೆ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು.

ಒಡವೆ ಪೆಟ್ಟಿಗೆ ಎಂದ ಮೇಲೆ ಅದನ್ನು ಕೊಳ್ಳುವವನೊಬ್ಬ, ಪಡೆಯುವವಳೊಬ್ಬಳು ಇರಲೇಬೇಕಲ್ಲವೆ? ನಮ್ಮ ಮನೆಗಳಲ್ಲಿ ಗಂಡ ಹೆಂಡತಿಗೆ ತೋಹ್ಫಾ ಎಂದು ಬಳೆ ತರುತ್ತಾನೆ, ಸೀರೆ ತರುತ್ತಾನೆ. 'ನಾನು ಜೊತೆಯಲ್ಲಿಲ್ಲದಾಗ ಇದು ನಿನ್ನನ್ನು ಕಾಯುತ್ತದೆ' ಎಂದು ಪಿಸ್ತೂಲು ಕೊಡುವ ರೂಢಿ ನಮ್ಮದಲ್ಲ. ಈ ಕಲ್ಪನೆ ಹುಟ್ಟಿದ್ದೂ ಕಾನ್ಪುರದಲ್ಲಲ್ಲ. ಅದು ಯುರೋಪಿನಲ್ಲಿ ಕಣ್ಣು ಬಿಟ್ಟು ಅಮೆರಿಕದಲ್ಲಿ ಬೆಳೆದು ನಮ್ಮ ಕಡೆಗೆ ಬಂದದ್ದು. ಹೆಂಡತಿಯ ಕೈಗೆ ಒಗ್ಗುವ, ಬಟ್ಟೆಯೊಳಗೆ ಅಡಗುವ ಪಿಸ್ತೂಲಿನ ಹುಡುಕಾಟಕ್ಕೆ ಒಂದು ದೀರ್ಘ ಚರಿತ್ರೆಯೇ ಇದೆ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಯುರೋಪಿನ ಶ್ರೀಮಂತ ಹೆಂಗಸರು ಚಳಿಗೆ ಎರಡೂ ಕೈ ತೂರಿಸಿಕೊಳ್ಳುವ ತುಪ್ಪಳದ ಚೀಲವೊಂದನ್ನು ಹಿಡಿದು ಓಡಾಡುತ್ತಿದ್ದರು. ಅದನ್ನು ಮಫ್ ಎನ್ನುತ್ತಾರೆ. ಅದರೊಳಗೆ ಅಡಗುವ ಗಿಡ್ಡ ಪಿಸ್ತೂಲಿಗೆ 'ಮಫ್ ಪಿಸ್ತೂಲ್' ಎಂದೇ ಹೆಸರು ಬಿತ್ತು. ಅಮೆರಿಕದಲ್ಲಿ ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಎಂಬ ಕುಶಲಕರ್ಮಿ ಅಂಗೈಯಲ್ಲಿ ಅಡಗುವ ಪಿಸ್ತೂಲುಗಳಿಗೆ ಹೆಸರಾದ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ನರ ತಲೆಗೆ ಗುಂಡಿಟ್ಟದ್ದು ಅಂಥದೇ ಒಂದು ಪಿಸ್ತೂಲು. ಲಿಂಕನ್ ಪತ್ನಿಯ ಪಕ್ಕದಲ್ಲಿ ಕುಳಿತು ನಾಟಕ ನೋಡುತ್ತಿದ್ದರು. ಮರುವರ್ಷವೇ ರೆಮಿಂಗ್ಟನ್ ಕಂಪನಿ ಒಂದರ ಮೇಲೊಂದು ಎರಡು ನಳಿಗೆಗಳಿದ್ದ ಪುಟ್ಟ ಪಿಸ್ತೂಲನ್ನು ಮಾರಲಾರಂಭಿಸಿತು. 1935ರವರೆಗೂ ಅದು ತಯಾರಾಗುತ್ತಲೇ ಇತ್ತು.

ಆ ಕಾಲದ ಅಮೆರಿಕದ ಕಾನೂನು ಮಾತ್ರ ಬಚ್ಚಿಟ್ಟ ಆಯುಧವನ್ನು ಒಪ್ಪುತ್ತಿರಲಿಲ್ಲ. ಕೆಂಟಕಿ ಮತ್ತು ಲೂಸಿಯಾನ ರಾಜ್ಯಗಳು 1813ರಲ್ಲಿಯೇ ಮೈಮೇಲೆ ಆಯುಧ ಅಡಗಿಸಿಕೊಂಡು ತಿರುಗುವುದನ್ನು ನಿಷೇಧಿಸಿದ್ದವು. ಸಭ್ಯನಾದವನು ಸೊಂಟಕ್ಕೆ ಕಾಣುವಂತೆ ಕಟ್ಟಿಕೊಳ್ಳುತ್ತಾನೆ, ಅಡಗಿಸುವವನು ಕಳ್ಳನೋ ಕೊಲೆಗಾರನೋ ಆಗಿರುತ್ತಾನೆ ಎಂಬುದು ಆಗಿನ ತಿಳಿವಳಿಕೆ. ಸುಮಾರು ಇನ್ನೂರು ವರ್ಷಗಳಲ್ಲಿ ಈ ತಿಳಿವಳಿಕೆ ಸಂಪೂರ್ಣ ತಿರುವುಮುರುವಾಯಿತು. ಇಂದು ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ನಡೆಯಬಹುದು. ಬಚ್ಚಿಟ್ಟುಕೊಳ್ಳುವುದು ಕಳ್ಳನ ಗುರುತಾಗಿದ್ದು ಹೋಗಿ ಗೃಹಸ್ಥನ ಹಕ್ಕಾಯಿತು.

ಈ ಬದಲಾವಣೆಯಲ್ಲಿ ಕಾರ್ಖಾನೆಗಳ ಪಾತ್ರ ಸಣ್ಣದಲ್ಲ. 1887ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ಹ್ಯಾಮರ್ ಒಳಗೇ ಅಡಗಿರುವ ರಿವಾಲ್ವರ್ ಒಂದನ್ನು ತಂದಿತು. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಲು ಹೊರಗೆ ಏನೂ ಇಲ್ಲ. ಹಿಡಿಯ ಹಿಂಭಾಗದ ಪಟ್ಟಿಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತದೆ ಗುಂಡು ಹಾರದು. ಹಾಗಾಗಿ ಜನ ಅದನ್ನು 'ನಿಂಬೆ ಹಿಂಡುವ ಯಂತ್ರ' ಎಂದು ಕರೆದರು. ಎಳೆಯ ಮಕ್ಕಳ ಕೈಗೆ ಸಿಕ್ಕರೂ ಅಪಾಯವಿಲ್ಲ ಎಂಬುದು ಮಾರಾಟದ ಮಾತಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐವರ್ ಜಾನ್ಸನ್ ಎಂಬ ಕಂಪನಿಯ ಜಾಹೀರಾತಿನಲ್ಲಂತೂ ಹಾಸಿಗೆಯಲ್ಲಿ ಕುಳಿತ ಪುಟ್ಟ ಹುಡುಗಿಯ ಕೈಯಲ್ಲಿ ರಿವಾಲ್ವರ್ ಇತ್ತು! ಅದೇ ಕಂಪನಿಯ .32 ರಿವಾಲ್ವರನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಬಂದವನೊಬ್ಬ 1901ರ ಸೆಪ್ಟೆಂಬರ್ 6ರಂದು ಅಧ್ಯಕ್ಷ ಮ್ಯಾಕಿನ್ಲೆಯವರಿಗೆ ಗುಂಡು ಹೊಡೆದಿದ್ದ.

ಮರುವರ್ಷ, ಅಂದರೆ 1902ರಲ್ಲಿ, ಸ್ಮಿತ್ ಅಂಡ್ ವೆಸ್ಸನ್ 'ಲೇಡಿಸ್ಮಿತ್' ಎಂಬ ಏಳು ಗುಂಡಿನ ಪುಟ್ಟ .22 ರಿವಾಲ್ವರನ್ನು ಹೆಂಗಸರಿಗೆಂದೇ ತಂದಿತು. 1921ರಲ್ಲಿ ಅದರ ತಯಾರಿ ನಿಂತಿತು. ವೇಶ್ಯೆಯರು ಅದನ್ನು ಹೆಚ್ಚು ಕೊಳ್ಳುತ್ತಾರೆಂದು ಮಾಲೀಕ ಸಿಟ್ಟಾಗಿ ನಿಲ್ಲಿಸಿದನೆಂದು ಒಂದು ದಂತಕಥೆ ಇದೆ. ನಿಜವೋ ಸುಳ್ಳೋ, ಆ ಕಥೆಯೊಳಗೊಂದು ಸತ್ಯವಿದೆ. ಹೆಂಡತಿಯ ಕೈಯಲ್ಲಿದ್ದರೆ ರಕ್ಷಣೆ ಎನಿಸಿಕೊಳ್ಳುವ ವಸ್ತು ಬೀದಿಯ ಹೆಣ್ಣಿನ ಕೈಯಲ್ಲಿದ್ದರೆ ಅಪಾಯ ಎನಿಸುತ್ತದೆ. ಯಾರ ಜೀವ ಕಾಯಲು ಯೋಗ್ಯ ಎಂಬುದನ್ನು ಸಮಾಜ ಮೊದಲೇ ತೀರ್ಮಾನಿಸಿರುತ್ತದೆ.

ಕರಿಯರ ಚರಿತ್ರೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. 1892ರಲ್ಲಿ ಮೆಂಫಿಸ್ ನಗರದಲ್ಲಿ ಬಿಳಿಯರ ಗುಂಪು ಮೂವರು ಕರಿಯ ವ್ಯಾಪಾರಿಗಳನ್ನು ಕೊಂದಾಗ, ಅವರಲ್ಲೊಬ್ಬನ ಗೆಳತಿಯಾಗಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಒಂದು ಪಿಸ್ತೂಲು ಕೊಂಡರು. ಅದನ್ನು ಅವರಿಗೆ ಯಾವ ಗಂಡನೂ ಉಡುಗೊರೆ ಕೊಟ್ಟಿರಲಿಲ್ಲ. ಆಗ ಅವರಿಗೆ ಮದುವೆಯೇ ಆಗಿರಲಿಲ್ಲ. ತನ್ನನ್ನು ಪೊಲೀಸರು ಕಾಯುವುದಿಲ್ಲ ಎಂದು ಅರಿತ ಹೆಣ್ಣೊಬ್ಬಳು ತನ್ನ ದುಡಿಮೆಯಲ್ಲಿ ಕೊಂಡ ಆಯುಧ ಅದು. 1956ರ ಜನವರಿ 30ರಂದು ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮನೆಗೆ ಬಾಂಬು ಬಿತ್ತು. ಆಗ ಮನೆಯಲ್ಲಿ ಹೆಂಡತಿ ಕೊರೆಟಾ ಮತ್ತು ಹಸುಗೂಸು ಇದ್ದರು. ಕಿಂಗ್ ಪಿಸ್ತೂಲು ಇಟ್ಟುಕೊಳ್ಳಲು ಪರವಾನಗಿ ಕೇಳಿದರು. ಅಧಿಕಾರಿಗಳು ನಿರಾಕರಿಸಿದರು. ಮುಂದೆ ಮನೆಯಲ್ಲಿ ಆಯುಧವೇ ಬೇಡವೆಂದು ಅವರೇ ತೀರ್ಮಾನಿಸಿದರು. ಇದೇ ದೇಶದಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅಂಗರಕ್ಷಕರು ಬೇಡವೆಂದಾಗ, ಹಾಗಾದರೆ ರಿವಾಲ್ವರನ್ನಾದರೂ ಇಟ್ಟುಕೊಳ್ಳಿ ಎಂದು ರಕ್ಷಣಾ ಸಿಬ್ಬಂದಿಯೇ ಒತ್ತಾಯಿಸಿತ್ತು. 1957ರಲ್ಲಿ ಅವರಿಗೆ ನ್ಯೂಯಾರ್ಕಿನಲ್ಲಿ ಪರವಾನಗಿಯೂ ಸಿಕ್ಕಿತು.

ಇನ್ನೊಂದು ಘಟನೆಯನ್ನೂ ಹೇಳಬೇಕು, ಇಲ್ಲವಾದರೆ ಮಾತು ಏಕಪಕ್ಷೀಯವಾದೀತು. 1991ರ ಅಕ್ಟೋಬರ್ 16ರಂದು ಟೆಕ್ಸಸ್ಸಿನ ಕಿಲೀನ್ ಪಟ್ಟಣದ ಹೋಟೆಲೊಂದಕ್ಕೆ ನುಗ್ಗಿದವನೊಬ್ಬ 23 ಜನರನ್ನು ಕೊಂದ. ಅಲ್ಲಿ ಊಟಕ್ಕೆ ಕುಳಿತಿದ್ದ ಸುಝಾನಾ ಹಪ್ ಎಂಬಾಕೆಯ ಕಣ್ಣೆದುರೇ ತಂದೆ ಸತ್ತರು, ತಾಯಿಯೂ ಬಲಿಯಾದರು. ಆಕೆಯ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು. ಅಡಗಿಸಿಕೊಂಡು ಒಳಗೆ ತರಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ಆಕೆ ಊರೂರು ಸುತ್ತಿ ಸಾಕ್ಷಿ ನುಡಿದರು. 1995ರಲ್ಲಿ ಟೆಕ್ಸಸ್ ಕಾನೂನು ಬದಲಾಯಿಸಿತು. ಆಕೆ ಶಾಸಕಿಯೂ ಆದರು. ಆಕೆಯ ಸಂಕಟವನ್ನು ಹಗುರವಾಗಿ ಕಾಣುವ ಹಕ್ಕು ನಮಗಾರಿಗೂ ಇಲ್ಲ.

1987ರಲ್ಲಿ ಫ್ಲಾರಿಡಾ ಅರ್ಹರಾದ ಎಲ್ಲರಿಗೂ ಪರವಾನಗಿ ಕೊಡುವ ಕಾನೂನು ಮಾಡಿದ ಮೇಲೆ ಮಾರುಕಟ್ಟೆ ಹಿಗ್ಗಿತು. 1989ರಲ್ಲಿ 'ಲೇಡಿಸ್ಮಿತ್' ಹೆಸರು ಮತ್ತೆ ಜೀವ ಪಡೆಯಿತು. ಗಂಡಂದಿರು ಹೆಂಡತಿಯರಿಗಾಗಿ ಅಂಗಡಿಗೆ ಬಂದರು. ಹೆಂಗಸಿಗೆ ಸಣ್ಣದು, ಹಗುರದ್ದು ಸಾಕು ಎಂಬುದು ಅವರ ಲೆಕ್ಕ. ಆದರೆ ಪಿಸ್ತೂಲಿನ ಲೆಕ್ಕ ಬೇರೆ. ಆಯುಧ ಹಗುರವಾದಷ್ಟೂ ಗುಂಡು ಹಾರಿದಾಗ ಕೈಗೆ ಬೀಳುವ ಒದೆತ ಜೋರು. ನಳಿಗೆ ಗಿಡ್ಡವಾದಷ್ಟೂ ಗುರಿ ತಪ್ಪುವುದು ಹೆಚ್ಚು. ಪುಟ್ಟ ಪಿಸ್ತೂಲಿನ ಸ್ಪ್ರಿಂಗ್ ಎಷ್ಟೋ ಸಲ ದೊಡ್ಡದಕ್ಕಿಂತ ಬಿಗಿ. ಎರಡು ಸಲ ಹಾರಿಸಿ ಅಂಗೈ ನೋಯಿಸಿಕೊಂಡ ಹೆಂಡತಿ ಅದನ್ನು ಮತ್ತೆ ಮುಟ್ಟುವುದಿಲ್ಲ. ಅಭ್ಯಾಸವಿಲ್ಲದ ಆಯುಧ ಕಪಾಟಿನಲ್ಲಿ ಕೂರುತ್ತದೆ. 'ಅವಳೇ ಹಿಡಿದು, ಹಾರಿಸಿ, ಆರಿಸಿಕೊಳ್ಳಲಿ' ಎಂದು ತರಬೇತಿ ಕೊಡುವವರು ಈಗ ಹೇಳುತ್ತಾರೆ. ಬಂದೂಕಿನ ವಿಷಯ ಬಿಡಿ, ಈ ಮಾತು ಗಂಡಸರಿಗೆ ಅರ್ಥವಾಗಲು ಎಲ್ಲ ವಿಷಯದಲ್ಲೂ ಇಷ್ಟೇ ಕಾಲ ಹಿಡಿದಿದೆ.

ಬಚ್ಚಿಡುವುದಾದರೂ ಎಲ್ಲಿ? ಹೆಂಗಸರ ಉಡುಪಿಗೆ ಜೇಬನ್ನೇ ಇಡದ ದರ್ಜಿಗಳ ಲೋಕ ಇದು. ಹಾಗಾಗಿ ಪಿಸ್ತೂಲು ಕೈಚೀಲ ಸೇರಿತು. ಕೈಚೀಲ ಮೈಗೆ ಅಂಟಿಕೊಂಡಿರುವ ವಸ್ತುವಲ್ಲ. ಅದು ಕುರ್ಚಿಯ ಮೇಲಿರುತ್ತದೆ, ಅಂಗಡಿಯ ತಳ್ಳುಗಾಡಿಯಲ್ಲಿರುತ್ತದೆ. 2014ರಲ್ಲಿ ಅಮೆರಿಕದ ಅಂಗಡಿಯೊಂದರಲ್ಲಿ ಹೀಗೆಯೇ ಆಯಿತು. ಪಿಸ್ತೂಲಿಗೆಂದೇ ಪ್ರತ್ಯೇಕ ಅರೆಯಿದ್ದ ಆ ಕೈಚೀಲ ಗಂಡ ಹಬ್ಬಕ್ಕೆ ಕೊಟ್ಟ ಉಡುಗೊರೆ. ತಾಯಿ ಪರವಾನಗಿ ಉಳ್ಳವಳು, ಬಂದೂಕು ಬಲ್ಲವಳು. ತಳ್ಳುಗಾಡಿಯಲ್ಲಿ ಕುಳಿತಿದ್ದ ಎರಡು ವರ್ಷದ ಮಗು ಚೀಲಕ್ಕೆ ಕೈ ಹಾಕಿತು. ತಾಯಿ ಅಲ್ಲೇ ಸತ್ತಳು. ಆ ಮನೆಯ ಮೂವರಲ್ಲಿ ಯಾರನ್ನು ದೂರೋಣ?

ಅಪಾಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ 2016ರವರೆಗೆ 1 ಕೋಟಿ 76 ಲಕ್ಷ ವಯಸ್ಕರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ತಾವು ಪಿಸ್ತೂಲು ಹೊಂದಿರದೆ, ಪಿಸ್ತೂಲು ಹೊಂದಿದವರ ಜೊತೆ ಬದುಕುವವರು ಕೊಲೆಯಾಗುವ ಪ್ರಮಾಣ, ಪಿಸ್ತೂಲಿಲ್ಲದ ಮನೆಗಳವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲಿ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು. ಹಾಗೆ ಸತ್ತವರಲ್ಲಿ ನೂರಕ್ಕೆ 84 ಹೆಂಗಸರು. ಅದೇ ಸಂಶೋಧಕರ 2020ರ ಅಧ್ಯಯನದಲ್ಲಿ, ಪಿಸ್ತೂಲು ಹೊಂದಿದ ಹೆಂಗಸರು ಗುಂಡಿಟ್ಟುಕೊಂಡು ಸಾಯುವ ಪ್ರಮಾಣ ಪಿಸ್ತೂಲಿಲ್ಲದ ಹೆಂಗಸರದಕ್ಕಿಂತ 35 ಪಟ್ಟು ಇತ್ತು. ಇಂಥ ಅಂಕಿಗಳು ಬಂದೂಕೇ ಕಾರಣವೆಂದು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಬಾಗಿಲಾಚೆಯ ಅಪರಿಚಿತನಿಗೆಂದು ತಂದ ಆಯುಧ ಬಾಗಿಲೊಳಗಿನ ಜಗಳವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ ಎಂಬುದನ್ನಂತೂ ಹೇಳುತ್ತವೆ. ಅಮೆರಿಕವೂ ಇದನ್ನು ಬಲ್ಲದು. ಮನೆಯವರ ಮೇಲೆ ಕೈ ಮಾಡಿ ಶಿಕ್ಷೆಗೊಳಗಾದವರು ಬಂದೂಕು ಇಟ್ಟುಕೊಳ್ಳಬಾರದೆಂದು 1996ರಲ್ಲಿ ಕಾನೂನು ಬಂತು. ಹೆಂಗಸಿಗೆ ಅಪಾಯಕಾರಿ ಎಂದು ನ್ಯಾಯಾಲಯ ನಿರ್ಬಂಧಿಸಿದವನ ಆಯುಧ ಕಿತ್ತುಕೊಳ್ಳುವುದು ಸರಿ ಎಂದು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟು ಮತಗಳಿಂದ ಹೇಳಿತು. ವಿರುದ್ಧವಿದ್ದದ್ದು ಒಂದೇ ಮತ.

ಈಗ ನಮ್ಮ ಒಡವೆ ಪೆಟ್ಟಿಗೆಗೆ ಮರಳೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದಲ್ಲಿ ವರದಿಯಾಗುವ ಅತ್ಯಾಚಾರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಪರಿಚಿತನೇ ಎಂದು ಅಪರಾಧ ದಾಖಲೆಗಳು ವರ್ಷವರ್ಷವೂ ಹೇಳುತ್ತವೆ. ಲಕ್ಷದ ಮೇಲಿನ ಬೆಲೆಯ ನಿರ್ಭೀಕ್ ಯಾವ ಗಾರ್ಮೆಂಟ್ಸ್ ಕೆಲಸದ ಹುಡುಗಿಗೆ, ಯಾವ ಬೀಡಿ ಕಟ್ಟುವ ತಾಯಿಗೆ ಎಟುಕೀತು? ಎಟುಕಿದರೂ ಅವಳು ಯಾರ ಮೇಲೆ ಗುರಿ ಇಡಬೇಕು? ಭಾವನ ಮೇಲೋ, ಮೇಸ್ತ್ರಿಯ ಮೇಲೋ, ಉಡುಗೊರೆ ತಂದವನ ಮೇಲೋ?

ನಮ್ಮ ನಾಡಿನಲ್ಲಿ ಬಂದೂಕಿನ ಜೊತೆ ಬಾಳಿದವರು ಇಲ್ಲದಿಲ್ಲ. ಕೊಡಗಿನವರು ಬ್ರಿಟಿಷರ ಕಾಲದಿಂದಲೂ ಆಯುಧ ಪರವಾನಗಿಯ ಕಾನೂನಿನಿಂದ ವಿನಾಯಿತಿ ಪಡೆದವರು. ಕೈಲ್ ಮುಹೂರ್ತದ ದಿನ ಅವರು ಕೋವಿಯನ್ನು ನಡುಮನೆಯಲ್ಲಿಟ್ಟು ಹೂವೇರಿಸಿ ಪೂಜಿಸುತ್ತಾರೆ. ಅದು ಎಲ್ಲರ ಕಣ್ಣಿಗೆ ಕಾಣುವಂತೆ ಇರುವ ಆಯುಧ. ಊರಿಗೆ ಗೊತ್ತಿರುವ, ಊರಿಗೆ ಉತ್ತರ ಹೇಳಬೇಕಾದ ಆಯುಧ. ಬಚ್ಚಿಟ್ಟ ಪಿಸ್ತೂಲಿಗೆ ಊರೇ ಇಲ್ಲ, ಅದಕ್ಕಿರುವುದು ಭಯ ಮಾತ್ರ.

ಮಸೀದಿಯಲ್ಲಾಗಲಿ ಸಂತೆಯಲ್ಲಾಗಲಿ ಬಾಣ ಹಿಡಿದು ಹೋಗುವವನು ಅದರ ಮೊನೆಯನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಳ್ಳಲಿ, ಯಾರಿಗೂ ತಾಗದಿರಲಿ ಎಂದು ಪ್ರವಾದಿಯವರು ತಾಕೀತು ಮಾಡಿದ್ದು ಹದೀಸಿನಲ್ಲಿದೆ. ಚಿಕ್ಕಂದಿನಲ್ಲಿ ಮದ್ರಸದಲ್ಲಿ ಇದನ್ನು ಕೇಳಿದಾಗ ನನಗೆ ಅದು ದಾರಿಯ ಶಿಸ್ತಿನ ಮಾತೆಂದಷ್ಟೇ ತೋರಿತ್ತು. ಈಗ ಬೇರೆ ಅರ್ಥ ಕಾಣುತ್ತದೆ. ಆಯುಧ ಹಿಡಿದವನೇ ಅದರ ಮೊನೆಯ ಹೊಣೆಯನ್ನೂ ಹಿಡಿಯಬೇಕು. ಹೆಂಡತಿಗೆ ಹಿಫಾಜತ್ತನ್ನು ಉಡುಗೊರೆ ಕೊಡಬಯಸುವ ಗಂಡ ಮೊದಲು ತನ್ನ ಮುಷ್ಟಿಯನ್ನು ನೋಡಿಕೊಳ್ಳಲಿ. ಆಮೇಲೆ ಬೀದಿಯ ದೀಪ, ರಾತ್ರಿಯ ಬಸ್ಸು, ದೂರು ಬರೆದುಕೊಳ್ಳುವ ಠಾಣೆ ಎಲ್ಲಿವೆ ಎಂದು ಸರಕಾರವನ್ನು ಕೇಳಲಿ. ಅವು ಯಾವ ಒಡವೆ ಪೆಟ್ಟಿಗೆಯಲ್ಲೂ ಹಿಡಿಸುವುದಿಲ್ಲ.