ಗೋಡೆಯಿಂದ ಕಿವಿಯವರೆಗೆ: ಮಿಕ್ಸಿಂಗ್ ಆಲಿಕೆಯ ಚರಿತ್ರೆ

ಮನೆಯಲ್ಲೇ ಹಾಡು ಮುದ್ರಿಸಿ ಮಿಕ್ಸಿಂಗ್ ಮಾಡಲು ಹೊರಟವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಕೇಳಿಯೇ ಕೇಳುವ ಪ್ರಶ್ನೆ ಇದು: ಸ್ಟುಡಿಯೋ ಮಾನಿಟರ್ ಕೊಳ್ಳಬೇಕೋ, ಒಳ್ಳೆಯ ಹೆಡ್‌ಫೋನ್ ಸಾಕೋ? ಉತ್ತರವಾಗಿ ಸಿಗುವುದು ಬಹುಮಟ್ಟಿಗೆ ಬ್ರಾಂಡುಗಳ ಹೆಸರು, ಬೆಲೆ, ವೂಫರಿನ ಅಳತೆ. ಆದರೆ ಮಿಕ್ಸಿಂಗ್‌ಗೆಂದು ಬಳಕೆಯಾದ ಸಾಧನಗಳ ಎಂಟು ದಶಕಗಳ ಬೆಳವಣಿಗೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ದಾರಿ ಸ್ಪಷ್ಟವಾಗಿ ಕಾಣುತ್ತದೆ. ಸದ್ದಿನ ಮೂಲ ಗೋಡೆಯಿಂದ ಮೇಜಿಗೆ, ಮೇಜಿನಿಂದ ಕಿವಿಗೆ ಸರಿಯುತ್ತಲೇ ಬಂದಿದೆ. ಅದನ್ನು ಹಾಗೆ ಸರಿಸಿದ ಮುಖ್ಯ ಕಾರಣ ಕೋಣೆ. ಆದ್ದರಿಂದ ಸಾಧನವನ್ನು ಆರಿಸುವ ಮೊದಲು ಕೋಣೆಯನ್ನು ಅಳೆಯಬೇಕು. ನಮ್ಮ ಸಾಮಾನ್ಯ ಮನೆಗಳ ಚಿಕ್ಕ ಕೋಣೆಗಳಲ್ಲಿ ತಕ್ಕಡಿ ಹೆಡ್‌ಫೋನಿನ ಕಡೆಗೇ ವಾಲುತ್ತದೆ ಎಂಬುದು ನನ್ನ ವಾದ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸ್ಟುಡಿಯೋಗಳಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿಯ 604 ಸ್ಪೀಕರ್ ವ್ಯಾಪಕವಾಗಿ ಬಳಕೆಗೆ ಬಂತು. 15 ಇಂಚಿನ ವೂಫರಿನ ನಡುವೆಯೇ ತಾರಸ್ವರಗಳ ಹಾರ್ನ್ ಕೂರಿಸಿದ್ದ ಭಾರಿ ಸಾಧನ ಅದು. ಇಂಥ ಸ್ಪೀಕರುಗಳನ್ನು ದೊಡ್ಡ ಪೆಟ್ಟಿಗೆಗಳಲ್ಲೋ ಗೋಡೆಯಲ್ಲೋ ಕೂರಿಸಿ, ಎಂಜಿನಿಯರು ಕೆಲವು ಮೀಟರು ದೂರದಿಂದ ಕೇಳುತ್ತಿದ್ದರು. ಅಷ್ಟು ದೂರದಿಂದ ಕೇಳುವಾಗ ಕಿವಿಗೆ ಬೀಳುವುದರಲ್ಲಿ ಗೋಡೆ, ಸೂರು, ನೆಲಗಳಿಂದ ಮರಳಿದ ಸದ್ದಿನ ಪಾಲು ದೊಡ್ಡದು. ಹಾಗಾಗಿ ಸ್ಪೀಕರಿಗೆ ತಕ್ಕ ಕೋಣೆಯನ್ನೂ ಕಟ್ಟಬೇಕಾಗುತ್ತಿತ್ತು, ಅದಕ್ಕೆ ಹಣ ಬೇಕಿತ್ತು. ಕನ್ನಡ ಚಿತ್ರಗೀತೆಗಳು ಬಹುಕಾಲ ಮದ್ರಾಸಿನಲ್ಲಿ ಮುದ್ರಣಗೊಂಡದ್ದಕ್ಕೆ ಸಜ್ಜಾದ ಸ್ಟುಡಿಯೋಗಳು ಅಲ್ಲಿದ್ದದ್ದೂ ಒಂದು ಕಾರಣ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದರ ಮಹತ್ವ ತಿಳಿಯುವುದೂ ಈ ಹಿನ್ನೆಲೆಯಲ್ಲೇ.

ದೂರ ಕುಗ್ಗತೊಡಗಿದ್ದು 1970ರ ದಶಕದಲ್ಲಿ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ದೊಡ್ಡ ಸ್ಪೀಕರ್ ಹಿಡಿಸುವುದಿಲ್ಲವೆಂದು ಬಿಬಿಸಿಯ ಎಂಜಿನಿಯರುಗಳು ಎಲ್ಎಸ್3/5ಎ ಎಂಬ ಪುಟ್ಟ ಮಾನಿಟರ್ ರೂಪಿಸಿದರು. ಅದು ಆಳದ ಬೇಸ್ ಕೊಡುತ್ತಿರಲಿಲ್ಲ, ಆದರೆ ಮನುಷ್ಯರ ಧ್ವನಿಯನ್ನು ನಂಬುವಂತೆ ಕೇಳಿಸುತ್ತಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಂಜಿನಿಯರುಗಳು ಒಂದೇ ಸ್ಟುಡಿಯೋದ ನೌಕರಿ ಬಿಟ್ಟು ಊರೂರಿನ ಸ್ಟುಡಿಯೋಗಳಲ್ಲಿ ಸ್ವತಂತ್ರವಾಗಿ ದುಡಿಯತೊಡಗಿದ್ದರು. ಇಂದು ಒಂದು ಕೋಣೆ, ನಾಳೆ ಇನ್ನೊಂದು. ಅಪರಿಚಿತ ಕೋಣೆಯನ್ನು ನಂಬಲಾಗದೆ ಆರಟೋನ್‌ನಂಥ ಚಿಕ್ಕ ಪೆಟ್ಟಿಗೆಗಳನ್ನು, ಆಮೇಲೆ 1978ರಲ್ಲಿ ಬಂದ ಯಮಹಾ ಎನ್ಎಸ್-10 ಸ್ಪೀಕರನ್ನು ಮಿಕ್ಸಿಂಗ್ ಮೇಜಿನ ಮೇಲೆಯೇ ಇಟ್ಟು ಕೇಳುವ ರೂಢಿ ಹಬ್ಬಿತು. ಇದರ ಹಿಂದಿನ ಭೌತಶಾಸ್ತ್ರ ಸರಳ. ಸ್ಪೀಕರಿಗೂ ಕಿವಿಗೂ ನಡುವಿನ ದೂರ ಅರ್ಧವಾದರೆ ನೇರವಾಗಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯಲ್ಲಿ ಸುತ್ತಾಡಿ ಬರುವ ಸದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ.

ಎನ್ಎಸ್-10ರ ಕಥೆಯಲ್ಲಿ ಇನ್ನೊಂದು ಪಾಠವಿದೆ. ಮನೆಯಲ್ಲಿ ಸಂಗೀತ ಕೇಳುವವರಿಗೆಂದು ತಯಾರಾದ ಈ ಸ್ಪೀಕರ್ ಆ ಮಾರುಕಟ್ಟೆಯಲ್ಲಿ ಮೆಚ್ಚುಗೆ ಗಳಿಸಲಿಲ್ಲ. ಅದರ ಬೇಸ್ ಕಡಿಮೆ, ಮಧ್ಯಸ್ತರದ ಸದ್ದು ಎದ್ದುಕಾಣುವಷ್ಟು ಹೆಚ್ಚು. ಆದರೂ 2001ರಲ್ಲಿ ತಯಾರಿಕೆ ನಿಲ್ಲುವವರೆಗೆ ಅದು ಜಗತ್ತಿನ ಸ್ಟುಡಿಯೋಗಳಲ್ಲಿ ಅಳತೆಗೋಲಾಗಿ ಉಳಿಯಿತು. ಅದೇ ವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಿಲಿಪ್ ನ್ಯೂವೆಲ್ ಮತ್ತು ಸಂಗಡಿಗರು, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಹತ್ತಾರು ಮಾನಿಟರುಗಳ ಮೇಲೆ ನಡೆದ ಅಳತೆಗಳ ಆಧಾರದಲ್ಲಿ, ಇದಕ್ಕೊಂದು ಕಾರಣ ಕೊಟ್ಟರು. ಮುಚ್ಚಿದ ಪೆಟ್ಟಿಗೆಯ ಈ ಸ್ಪೀಕರಿನಲ್ಲಿ ತಗ್ಗು ಸ್ವರಗಳು ಬಾರಿಸಿದ ಕೂಡಲೇ ಹುಟ್ಟಿ ಕೂಡಲೇ ಅಡಗುತ್ತಿದ್ದವು. ಪೆಟ್ಟಿಗೆಗೆ ರಂಧ್ರ ಕೊಟ್ಟು ಬೇಸ್ ಹಿಗ್ಗಿಸಿದ ಚಿಕ್ಕ ಸ್ಪೀಕರುಗಳಲ್ಲಿ ಅದೇ ಸ್ವರ ಎಳೆದಾಡುತ್ತದೆ. ಬೇಸ್ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ, ಎಷ್ಟು ಬೇಗ ನಿಲ್ಲುತ್ತದೆ ಎಂಬುದು ಮುಖ್ಯ.

ಈಗ ನಮ್ಮ ಮನೆಗೆ ಬರೋಣ. ಹತ್ತಡಿಗೆ ಹತ್ತಡಿಯ ಕೋಣೆ, ಗಾರೆ ಬಳಿದ ಇಟ್ಟಿಗೆ ಗೋಡೆ, ಟೈಲ್ಸ್ ಹಾಸಿದ ನೆಲ, ಮೇಲೆ ಆರ್‌ಸಿಸಿ ತಾರಸಿ. ಎದುರುಬದುರು ಗೋಡೆಗಳ ನಡುವಿನ ದೂರ ಯಾವ ಅಲೆಯ ಅರ್ಧ ಉದ್ದಕ್ಕೆ ಸಮವೋ ಆ ಅಲೆ ಅಲ್ಲಿ ಸಿಕ್ಕಿಕೊಂಡು ಮೊಳಗುತ್ತದೆ. ಹತ್ತಡಿಗೆ ಅದು ಸುಮಾರು 57 ಹರ್ಟ್ಸ್. ಕೋಣೆ ಚೌಕವಾದರೆ ಎರಡು ದಿಕ್ಕಿನ ಮೊಳಗೂ ಒಂದೇ ಸ್ವರದ ಮೇಲೆ ಬೀಳುತ್ತವೆ, ಎತ್ತರವೂ ಹತ್ತಡಿಯಾದರೆ ಮೂರನೆಯದೂ ಸೇರುತ್ತದೆ. ಗೋಡೆಯ ಬಳಿ ಈ ಸ್ವರ ಉಬ್ಬುತ್ತದೆ, ಕೋಣೆಯ ನಡುವೆ ಬಹುಪಾಲು ಮಾಯವಾಗುತ್ತದೆ. ನಡುವೆ ಕುಳಿತವರಿಗೆ ಬೇಸ್ ಗಿಟಾರೂ ಕಿಕ್ ಡ್ರಮ್ಮೂ ಸೊರಗಿದಂತೆ ಕೇಳಿ, ಅವರು ಬೇಸ್ ಏರಿಸುತ್ತಾರೆ. ಆ ಹಾಡು ಕಾರಿನಲ್ಲಿ ಕೇಳಿದಾಗ ಗುಂಯ್‌ಗುಡುತ್ತದೆ. ಇದು ಸ್ಪೀಕರಿನ ತಪ್ಪಲ್ಲ. ಐದು ಇಂಚಿನ ವೂಫರಿನ ಬದಲು ಎಂಟು ಇಂಚಿನದು ತಂದರೆ ಕೋಣೆಯ ಈ ದೋಷಕ್ಕೆ ಇನ್ನಷ್ಟು ಶಕ್ತಿ ಉಣಿಸಿದಂತಾಗುತ್ತದೆ.

ಇದಕ್ಕೆ ಪರಿಹಾರವಿದೆಯಲ್ಲ ಎಂಬ ಆಕ್ಷೇಪ ಸಹಜ: ಗೋಡೆಗೆ ಫೋಮ್ ಅಂಟಿಸಬಹುದು, ಮೈಕಿನಿಂದ ಕೋಣೆಯನ್ನು ಅಳೆದು ತಂತ್ರಾಂಶದಿಂದ ಸರಿಪಡಿಸಬಹುದು. ಎರಡೂ ಸ್ವಲ್ಪಮಟ್ಟಿಗೆ ನಿಜ. ಎರಡಿಂಚಿನ ಫೋಮ್ ಮಧ್ಯಮ ಮತ್ತು ತಾರಸ್ವರಗಳ ಪ್ರತಿಫಲನವನ್ನು ತಗ್ಗಿಸುತ್ತದೆ. ಆದರೆ 57 ಹರ್ಟ್ಸ್ ಅಲೆಯ ಉದ್ದ ಸುಮಾರು 6 ಮೀಟರು. ಅದಕ್ಕೆ ಎರಡಿಂಚಿನ ಫೋಮ್ ಇದ್ದೂ ಇಲ್ಲದಂತೆ. ಅದನ್ನು ಹೀರಲು ಮೂಲೆಗಳಲ್ಲಿ ತುಂಬ ದಪ್ಪನೆಯ ಖನಿಜ ಉಣ್ಣೆಯ ಬೇಸ್ ಟ್ರ್ಯಾಪ್‌ಗಳು ಬೇಕು, ಅವು ಮಲಗುವ ಕೋಣೆಯ ಜಾಗವನ್ನೇ ನುಂಗುತ್ತವೆ. ತಂತ್ರಾಂಶ ಉಬ್ಬನ್ನು ತಗ್ಗಿಸಬಲ್ಲದು, ಹಳ್ಳವನ್ನು ತುಂಬಲಾರದು. ನೇರ ಅಲೆಯೂ ಗೋಡೆಯಿಂದ ಮರಳಿದ ಅಲೆಯೂ ಒಂದನ್ನೊಂದು ಅಳಿಸಿದಲ್ಲಿ ಆ ಸ್ವರವನ್ನು ಎಷ್ಟು ಏರಿಸಿದರೂ ಎರಡು ಅಲೆಗಳೂ ಸಮನಾಗಿ ಏರಿ ಮತ್ತೆ ಅಳಿಸಿಹೋಗುತ್ತವೆ.

ಹಾಗಾಗಿ ದೂರ ಕುಗ್ಗುವ ಈ ಚರಿತ್ರೆ ಹೆಡ್‌ಫೋನಿಗೆ ಬಂದು ಮುಟ್ಟುತ್ತದೆ. ಸ್ಟುಡಿಯೋದಲ್ಲಿ ಹೆಡ್‌ಫೋನಿನ ಕೆಲಸ ಬಹುಕಾಲ ಬೇರೆಯೇ ಆಗಿತ್ತು: ಮೈಕಿಗೆ ಸದ್ದು ಸೋರದಂತೆ ಹಾಡುಗಾರರಿಗೆ ಪಕ್ಕವಾದ್ಯ ಕೇಳಿಸುವುದು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಹೊರತಂದ ಎಚ್‌ಡಿ 414 ಹಿಂಬದಿ ತೆರೆದಿದ್ದ ಹೆಡ್‌ಫೋನ್. ಒಳಗೆ ಕಟ್ಟಿಕೊಳ್ಳುವ ಗಾಳಿಯ ಮೊಳಗನ್ನು ಅದು ತಗ್ಗಿಸಿತು. ಅದೇ ಕಂಪನಿ 1997ರಲ್ಲಿ ತಂದ ಎಚ್‌ಡಿ 600 ಇಂದಿಗೂ ಬಳಕೆಯಲ್ಲಿದೆ. ಆದರೆ ಹೆಡ್‌ಫೋನ್ ಹೇಗೆ ಕೇಳಿಸಿದರೆ ಸರಿ ಎಂಬುದಕ್ಕೆ ಒಪ್ಪಿತ ಗುರಿ ಇರಲಿಲ್ಲ. 2012ರಿಂದ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಈ ಪ್ರಶ್ನೆಯನ್ನು ಕೇಳುಗರ ಮುಂದಿಟ್ಟು ಪ್ರಯೋಗ ನಡೆಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿಸುವಂತೆಯೇ ಕೇಳಿಸುವ ಹೆಡ್‌ಫೋನನ್ನು ಹೆಚ್ಚಿನವರು ಮೆಚ್ಚಿದರು. ಅಂದರೆ ಒಳ್ಳೆಯ ಹೆಡ್‌ಫೋನ್ ಕೋಣೆಯನ್ನು ತೊರೆಯುವುದಿಲ್ಲ. ಕಟ್ಟಲಾಗದ ಒಳ್ಳೆಯ ಕೋಣೆಯ ಸ್ವರಸಮತೋಲವನ್ನು ಕಿವಿಗೆ ತರುತ್ತದೆ.

ಹೆಡ್‌ಫೋನಿನ ವಿರುದ್ಧದ ವಾದಗಳೂ ಗಟ್ಟಿಯಾಗಿವೆ. ಸ್ಪೀಕರುಗಳಲ್ಲಿ ಎಡದ ಸದ್ದು ಬಲಗಿವಿಗೂ ತುಸು ತಡವಾಗಿ, ತುಸು ಮಂಕಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ಅದು ಎಡಗಿವಿಗೆ ಮಾತ್ರ. ಗಾಯನ ಎದುರಿನಿಂದ ಬರದೆ ತಲೆಯೊಳಗೆ ಕುಳಿತಂತಾಗುತ್ತದೆ. ಎಡಬಲಗಳ ಅಂತರವನ್ನೂ ರಿವರ್ಬಿನ ಪ್ರಮಾಣವನ್ನೂ ತಪ್ಪಾಗಿ ಅಂದಾಜು ಮಾಡುತ್ತೇವೆ. ಬೆಂಜಮಿನ್ ಬಾವರ್ 1961ರಲ್ಲೇ ಸೂಚಿಸಿದ, ಒಂದು ಕಡೆಯ ಸದ್ದನ್ನು ಇನ್ನೊಂದಕ್ಕೆ ಮಿತವಾಗಿ ಬೆರೆಸುವ ಉಪಾಯ ಇಂದು ತಂತ್ರಾಂಶಗಳಲ್ಲಿ ಸಿಗುತ್ತದೆ, ಆದರೆ ಅದು ಅರ್ಧ ಪರಿಹಾರ. ಬೇಸ್ ಮೈಗೆ ತಾಗುವುದಿಲ್ಲ ಎಂಬ ಕೊರತೆಯೂ ಉಳಿಯುತ್ತದೆ. ಈ ತಪ್ಪುಗಳೆಲ್ಲ ಊಹಿಸಬಹುದಾದವು, ಹಾಡಿನಿಂದ ಹಾಡಿಗೆ ಬದಲಾಗದವು. ಆದ್ದರಿಂದ ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಕೋಣೆಯ ತಪ್ಪಾದರೋ ಕುರ್ಚಿ ಒಂದಡಿ ಸರಿದರೆ ಬದಲಾಗುತ್ತದೆ. ಕಿವಿಯ ಆರೋಗ್ಯದ ಎಚ್ಚರ ಮಾತ್ರ ಬೇರೆಯೇ ವಿಷಯ: ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಮಿಕ್ಸಿಂಗ್ ಮಾಡುವವರು ಮರೆಯಬಾರದು.

ಕೋಣೆ ದೊಡ್ಡದಾಗಿ, ಆಯತಾಕಾರವಾಗಿ, ಹೀರುಪದಾರ್ಥಗಳಿಂದ ಸಜ್ಜಾಗಿದ್ದರೆ ಮಾನಿಟರೇ ಮೊದಲ ಆಯ್ಕೆ. ಆ ವಿಷಯದಲ್ಲಿ ತಕರಾರಿಲ್ಲ. ಹತ್ತಡಿಯ ಚೌಕ ಕೋಣೆಯಲ್ಲಿ ಕ್ರಮ ತಿರುಗಬೇಕು. ಮೊದಲು ಹಿಂಬದಿ ತೆರೆದ ಒಂದು ಹೆಡ್‌ಫೋನ್. ಅದರಲ್ಲಿ ಚೆನ್ನಾಗಿ ಪರಿಚಯವಿರುವ ಹಾಡುಗಳನ್ನು ತಿಂಗಳುಗಟ್ಟಲೆ ಕೇಳಿ, ಬೇಸಿನ ಮತ್ತು ಸೂಕ್ಷ್ಮಗಳ ತೀರ್ಪನ್ನು ಅದಕ್ಕೇ ಒಪ್ಪಿಸಬೇಕು. ಆಮೇಲೆ ನಾಲ್ಕೈದು ಇಂಚಿನ ಚಿಕ್ಕ ಮಾನಿಟರುಗಳು. ಅವನ್ನು ಒಂದು ಮೀಟರು ದೂರದಲ್ಲಿ ಸಮಬಾಹು ತ್ರಿಕೋನವಾಗಿ ಇಟ್ಟು, ಮೆಲ್ಲನೆ ನುಡಿಸಿ, ಗಾಯನವೂ ವಾದ್ಯಗಳೂ ಒಂದಕ್ಕೊಂದು ಹೇಗೆ ಕೂಡುತ್ತವೆ ಎಂದು ಪರೀಕ್ಷಿಸಬೇಕು. ಬ್ರಾಂಡಿನ ಪ್ರಶ್ನೆ ಬರುವುದು ಇದೆಲ್ಲ ತೀರ್ಮಾನವಾದ ಮೇಲೆ. ಹಾಡು ಕೇಳುವವರು ಅದನ್ನು ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಕೇಳುತ್ತಾರೆ. ಅದನ್ನು ಮಿಕ್ಸ್ ಮಾಡಿದ ಕೋಣೆಗೆ ಅವರು ಎಂದೂ ಬರುವುದಿಲ್ಲ. ಆ ಕೋಣೆಯ ಗುಂಯ್‌ಗುಡುವಿಕೆಯನ್ನು ಹಾಡಿನ ಜೊತೆ ಅವರಿಗೆ ಕಳಿಸದಿರುವುದೇ ಮಿಕ್ಸಿಂಗ್ ಮಾಡುವವರ ಮೊದಲ ಹೊಣೆ.